ಗೋಣಿಯ ತೂಕ ಕಳೆಯದ ಲೆಕ್ಕ: ಒಂದು ಐಸೋಟೋಪ್ ಪ್ರಕರಣ

ಜೂನ್ ಕೊನೆಯ ವಾರ. ಅಡಿಕೆಗೆ ಮದ್ದು ಬಿಡಲು ಎರಡು ದಿನ ಬಿಸಿಲು ಬೇಕಿತ್ತು, ಮಳೆ ಬಿಡುವು ಕೊಡಲಿಲ್ಲ. ಮದ್ದು ಬಿಡುವವರು ಬಂದರು, ಚಾ ಕುಡಿದರು, ವಾಪಸ್ ಹೋದರು. ಅದೇ ಸಂಜೆ ಅಕ್ಕನ ಮಗಳು ಕುಂಬಳೆಯಲ್ಲಿ ರೈಲಿಳಿದು ಬಸ್ಸು ಹಿಡಿದು ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಬಂದಳು. ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ತೆಗೆದದ್ದು ಲ್ಯಾಪ್‌ಟಾಪ್.

"ಮಾವ, ಎಂ+2 ಬಂದಿದೆ. ಹತ್ತು ಪರ್ಸೆಂಟ್! ಸೀನಿಯರ್ ಇದನ್ನೇ ಪೇಪರ್ ಮಾಡುವಾ ಅಂತಾರೆ."

ಅವಳು ಪಿಎಚ್‌ಡಿ ಮಾಡುತ್ತಿದ್ದಾಳೆ. ಯಾವ ಲ್ಯಾಬ್ ಅಂತ ಹೇಳುವುದಿಲ್ಲ, ಅದು ಇಲ್ಲಿ ಬೇಕಾಗಿಯೂ ಇಲ್ಲ. ನಾನು ಕೆಲವು ವರ್ಷ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ಯಂತ್ರದ ಮುಂದೆ ಕೂತು ಕೆಲಸ ಮಾಡಿದವನು. ಈಗ ತೋಟ ನೋಡಿಕೊಂಡು, ಮನೆಯಿಂದಲೇ ಒಂದಿಷ್ಟು ಡೇಟಾ ಕೆಲಸ ಮಾಡುತ್ತೇನೆ. ಹಾಗಾಗಿ ಇಂಥ ಫೈಲುಗಳು ಆಗಾಗ ನನ್ನ ಚಾವಡಿಗೆ ಬರುತ್ತವೆ. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣ ಉಂಟು. ತಪ್ಪು ಬಹಳ ಸಣ್ಣದು, ಖಾಲಿ ಬಿಟ್ಟ ಒಂದು ಕಾಲಂ. ಅದು ಅಡಗಿಕೊಂಡ ರೀತಿ ಮಾತ್ರ ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಪ್ರಯೋಗ ಏನು

ತೆಂಗಿನ ಕಳ್ಳಿನಿಂದ ಬೇರೆ ಮಾಡಿದ ಒಂದು ಯೀಸ್ಟ್. ಅದಕ್ಕೆ ತಿನ್ನಲು ಗ್ಲೂಕೋಸ್. ಗ್ಲೂಕೋಸಿನಲ್ಲಿ 6 ಕಾರ್ಬನ್ ಇರುತ್ತದೆ. ಇವಳು ಕೊಟ್ಟ ಗ್ಲೂಕೋಸಿನಲ್ಲಿ ಒಂದನೆಯ ಕಾರ್ಬನ್ ಮಾತ್ರ ಭಾರದ್ದು, ಅಂದರೆ ಕಾರ್ಬನ್-13. ಉಳಿದ ಐದು ಮಾಮೂಲಿ. ಶಾಲೆಯಲ್ಲಿ ನಾವು ಇಂಥ ಐಸೋಟೋಪಿಗೆ ಸಮಸ್ಥಾನಿ ಅಂತ ಓದಿದ್ದೆವು. ಮೂಲವಸ್ತುಗಳ ಕೋಷ್ಟಕದಲ್ಲಿ ಒಂದೇ ಜಾಗ, ತೂಕ ಮಾತ್ರ ಬೇರೆ. ಇಂಗ್ಲಿಷ್ ಹೆಸರಿಗಿಂತ ಚೆನ್ನಾಗಿದೆ ಅಂತ ನನಗೆ ಈಗಲೂ ಅನಿಸುತ್ತದೆ.

ಯೀಸ್ಟ್ ಗ್ಲೂಕೋಸನ್ನು ಎರಡು ತುಂಡು ಮಾಡುತ್ತದೆ. ಒಂದೊಂದು ತುಂಡಿನಲ್ಲಿ 3 ಕಾರ್ಬನ್. ಅದು ಪೈರುವೇಟ್ ಆಗುತ್ತದೆ, ಪೈರುವೇಟಿನಿಂದ ಅಲನೈನ್ ಎಂಬ ಅಮೈನೋ ಆಮ್ಲ ಆಗುತ್ತದೆ. ಎರಡು ತುಂಡಿನಲ್ಲಿ ಒಂದಕ್ಕೆ ಮಾತ್ರ ಭಾರದ ಕಾರ್ಬನ್ ಸಿಗುತ್ತದೆ. ಹಾಗಾಗಿ ಅಲನೈನಿನಲ್ಲಿ ಹೆಚ್ಚೆಂದರೆ ಅರ್ಧ ಭಾಗ ಒಂದು ಅಂಕ ಭಾರವಾಗಬಹುದು. ಅದನ್ನೇ ಎಂ+1 ಅನ್ನುವುದು. ಏನೂ ಸೇರದ್ದು ಎಂ+0. ಗ್ಲೂಕೋಸಿನ ಒಂದು ಪಾಲು ಪೆಂಟೋಸ್ ಫಾಸ್ಫೇಟ್ ಎಂಬ ಇನ್ನೊಂದು ದಾರಿ ಹಿಡಿದರೆ ಅಲ್ಲಿ ಆ ಒಂದನೆಯ ಕಾರ್ಬನ್ನೇ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಆಗ ಎಂ+1 ಅರ್ಧಕ್ಕಿಂತ ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಆ ದಾರಿಯಲ್ಲಿ ಎಷ್ಟು ಹೋಯಿತು ಅಂತ ಅಂದಾಜು ಮಾಡುತ್ತಾರೆ.

ಭಾರದ ಅಣುವನ್ನು ಗುರುತಾಗಿ ಇಟ್ಟು ದೇಹದೊಳಗಿನ ದಾರಿ ಹುಡುಕುವ ಉಪಾಯ ಹಳೆಯದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಷೋನ್‌ಹೈಮರ್ ಮತ್ತು ರಿಟನ್‌ಬರ್ಗ್ ಎಂಬ ಇಬ್ಬರು 1935ರಲ್ಲೇ ಡ್ಯುಟೀರಿಯಂ, ಅಂದರೆ ಭಾರದ ಹೈಡ್ರೋಜನ್ ಬಳಸಿ ಇದನ್ನು ಮಾಡಿ ತೋರಿಸಿದ್ದರು.

ಯಂತ್ರ ಕೊಟ್ಟ ಅಂಕಿಗಳಲ್ಲಿ ತನ್ನಷ್ಟಕ್ಕೆ ಇರುವ ಭಾರವೂ ಸೇರಿರುತ್ತದೆ, ಅದನ್ನು ಸಾಫ್ಟ್‌ವೇರಿನಲ್ಲಿ ಕಳೆದು ಸರಿ ಮಾಡಬೇಕು. ಹಾಗೆ ಸರಿ ಮಾಡಿದ ಮೇಲೆ ಅವಳ ಶೀಟಿನಲ್ಲಿ ಇದ್ದ ಕೊನೆಯ ಲೆಕ್ಕ ಹೀಗಿತ್ತು: ಎಂ+0 47%, ಎಂ+1 40%, ಎಂ+2 10%, ಎಂ+3 3%.

ಎಂ+1 40 ಅಂದರೆ ಯಾರಿಗೂ ಸಂಶಯ ಬರುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಗೆರೆ ಎಳೆದ ಹಾಗೆ ಸರಿಯಾಗಿದೆ. ಆದರೆ ಎಂ+2 ಎಲ್ಲಿಂದ ಬಂತು? ಒಂದು ಗ್ಲೂಕೋಸಿನಲ್ಲಿ ಒಂದೇ ಭಾರದ ಕಾರ್ಬನ್. ಅದರ ಮೂರು ಕಾರ್ಬನ್ನಿನ ತುಂಡಿನಲ್ಲಿ ಎರಡು ಹೇಗೆ ಸೇರಿತು? ಸೀನಿಯರ್ ಇದಕ್ಕೆ ಒಂದು ಕಥೆ ಕಟ್ಟಿದ್ದರು. ತುಂಡುಗಳು ಮತ್ತೆ ಸೇರಿ, ಅದಲುಬದಲಾಗಿ, ಮತ್ತೆ ಒಡೆದು ಹೀಗಾಗಿದೆ ಅಂತ. ಅಂಥದ್ದು ಜೀವಕೋಶದಲ್ಲಿ ಆಗುವುದಿಲ್ಲ ಅಂತಲ್ಲ, ಆಗುತ್ತದೆ. ಆದರೆ ಹತ್ತು ಪರ್ಸೆಂಟ್ ಜಾಸ್ತಿಯಾಯಿತು.

ಹಾಕಿದ್ದಕ್ಕಿಂತ ಜಾಸ್ತಿ

ನಾನು ಎಂ+2 ಕಡೆ ನೋಡಲಿಲ್ಲ. ಕೊನೆಯ ಕಾಲಂ ನೋಡಿದೆ. ಅದರಲ್ಲಿ ಸರಾಸರಿ ಸೇರ್ಪಡೆ, ಅಂದರೆ ಅಲನೈನಿನ ಒಟ್ಟು ಕಾರ್ಬನ್ನಿನಲ್ಲಿ ಎಷ್ಟು ಪಾಲು ಭಾರದ್ದು ಅಂತ ಇರುತ್ತದೆ. ಅಲ್ಲಿ 23% ಇತ್ತು.

ಅಡಿಕೆ ಅಂಗಡಿಯ ಹಳೆ ಚೀಟಿಯ ಹಿಂದೆ ಲೆಕ್ಕ ಬರೆದು ಅವಳ ಮುಂದೆ ಹಿಡಿದೆ. ಗ್ಲೂಕೋಸಿನಲ್ಲಿ ಆರರಲ್ಲಿ ಒಂದು ಭಾರದ್ದು. ಅಂದರೆ 16.7%. ಯೀಸ್ಟಿಗೆ ತಿನ್ನಲು ಬೇರೆ ಏನೂ ಕೊಟ್ಟಿಲ್ಲ. ಗ್ಲೂಕೋಸನ್ನು ಸಮ ಎರಡು ತುಂಡು ಮಾಡಿದರೆ ಅಲನೈನಿನಲ್ಲಿ ಮೂರು ಕಾರ್ಬನ್, ಅರ್ಧ ಅಣುಗಳಲ್ಲಿ ಒಂದು ಭಾರ. ಮತ್ತೆ ಅದೇ 16.7%. ಪೆಂಟೋಸ್ ದಾರಿಯಲ್ಲಿ ಹೋದರೆ ಇನ್ನೂ ಕಮ್ಮಿ. ಜಾಸ್ತಿ ಆಗಲು ದಾರಿಯೇ ಇಲ್ಲ.

"ಹದಿನಾರು ಹಾಕಿ ಇಪ್ಪತ್ತಮೂರು ತೆಗೆದಿದ್ದೀಯಲ್ಲ ಮಗಾ, ಬ್ಯಾಂಕಲ್ಲೂ ಇಷ್ಟು ಬಡ್ಡಿ ಇಲ್ಲ."

ಅವಳು ನಗಲಿಲ್ಲ. ಚೀಟಿ ನೋಡುತ್ತಾ ಕೂತಳು.

"ಗುರುತು ಹಾಕದ ಯೀಸ್ಟಿನ ಸ್ಯಾಂಪಲ್ ಉಂಟಾ?"

"ಉಂಟು ಮಾವ. ಆದರೆ ಅದನ್ನು ಸಾಫ್ಟ್‌ವೇರಿಗೆ ಹಾಕಲಿಲ್ಲ. ಅದರಲ್ಲಿ ಲೇಬಲ್ಲೇ ಇಲ್ಲವಲ್ಲ, ಸರಿ ಮಾಡಲಿಕ್ಕೆ ಎಂತ ಉಂಟು?"

ಈ ಮಾತನ್ನು ನಾನು ಬಹಳ ಜನರಿಂದ ಕೇಳಿದ್ದೇನೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇಡೀ ಪ್ರಯೋಗದಲ್ಲಿ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಅದೊಂದೇ. ಸರಿ ಮಾಡಿದ ಮೇಲೆ ಅದು ಎಂ+0 100%, ಉಳಿದದ್ದೆಲ್ಲ ಸೊನ್ನೆ ತೋರಿಸಬೇಕು. ಹೆಚ್ಚೆಂದರೆ ಅರ್ಧ ಪರ್ಸೆಂಟ್ ಆಚೆ ಈಚೆ.

ಹಾಕಿದೆವು. ಎಂ+0 78%, ಎಂ+1 15%, ಎಂ+2 6%, ಎಂ+3 1%. ಸರಾಸರಿ ಸೇರ್ಪಡೆ 10%. ಭಾರದ ಗ್ಲೂಕೋಸನ್ನು ಕಣ್ಣಲ್ಲೂ ನೋಡದ ಯೀಸ್ಟಿಗೆ ಹತ್ತು ಪರ್ಸೆಂಟ್ ಗುರುತು ಬಿದ್ದಿತ್ತು.

ಗೋಣಿ

ಇನ್ನು ಸ್ವಲ್ಪ ಒಳಗೆ ಹೋಗಬೇಕು.

ಅಲನೈನ್ ಹಾಗೆಯೇ ಆವಿಯಾಗುವುದಿಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸಬೇಕಾದರೆ ಅದಕ್ಕೊಂದು ಅಂಗಿ ತೊಡಿಸಬೇಕು. ಲ್ಯಾಬಿನವರು ಡೆರಿವಟೈಸ್ ಮಾಡುವುದು ಅನ್ನುತ್ತಾರೆ. ಇವಳು ಬಳಸಿದ್ದು ಟಿಬಿಡಿಎಂಎಸ್ ಗುಂಪು. ಒಂದು ಗುಂಪಿನಲ್ಲಿ 6 ಕಾರ್ಬನ್ ಮತ್ತು 1 ಸಿಲಿಕಾನ್. ಅಲನೈನಿಗೆ ಅಂಥ ಎರಡು ಗುಂಪು ಅಂಟಿಕೊಳ್ಳುತ್ತದೆ. ಯಂತ್ರದೊಳಗೆ ಅಂಗಿಯ 4 ಕಾರ್ಬನ್ನಿನ ಒಂದು ತುಂಡು ಕಳಚಿ ಬಿದ್ದು, 260 ತೂಕದ ಅಯಾನ್, ಅಂದರೆ ವಿದ್ಯುದಂಶ ಹೊತ್ತ ತುಂಡು ಉಳಿಯುತ್ತದೆ. ಆ 260ರಲ್ಲಿ ಅಲನೈನಿನ ಸ್ವಂತ ಕಾರ್ಬನ್ 3. ಉಳಿದ 8 ಕಾರ್ಬನ್, 19 ಹೈಡ್ರೋಜನ್, 2 ಸಿಲಿಕಾನ್ ಹೊರಗಿನಿಂದ ಬಂದದ್ದು.

ಇಲ್ಲಿ ಪ್ರಕೃತಿಯ ಕಿತಾಪತಿ ಶುರುವಾಗುತ್ತದೆ. ನಮ್ಮ ತೋಟದ ಸೊಪ್ಪಿರಲಿ, ಪೇಟೆಯ ಸಕ್ಕರೆ ಇರಲಿ, ಎಲ್ಲ ಕಾರ್ಬನ್ನಿನಲ್ಲೂ ಸುಮಾರು 1.1% ತನ್ನಷ್ಟಕ್ಕೆ ಕಾರ್ಬನ್-13 ಇರುತ್ತದೆ. ಸಿಲಿಕಾನಿನದ್ದು ಇನ್ನೂ ಜೋರು. 4.7% ಒಂದು ಅಂಕ ಭಾರದ್ದು, 3.1% ಎರಡು ಅಂಕ ಭಾರದ್ದು. ಎಲ್ಲ ಸೇರಿ, ಏನೂ ಗುರುತು ಹಾಕದ ಅಲನೈನಿನ 260 ಅಯಾನ್ ಯಂತ್ರದಲ್ಲಿ ಸುಮಾರು 75, 17, 7, 1 ಅಂತ ನಾಲ್ಕು ಪೀಕ್ ತೋರಿಸುತ್ತದೆ, ಒಂದೊಂದು ತೂಕಕ್ಕೆ ಒಂದೊಂದು ಗುಡ್ಡೆ. ಇದು ಜೀವಕೋಶದ ಸುದ್ದಿ ಅಲ್ಲ. ಸುಮ್ನೆ ಇರುವ ಭಾರ.

ಚಾಲಿ ಅಡಿಕೆ ಮಾರುವಾಗ ಗೋಣಿ ಸಮೇತ ತೂಗಿ, ಗೋಣಿಯ ತೂಕ ಕಳೆಯುತ್ತಾರಲ್ಲ, ಇಲ್ಲಿ ಮಾಡಬೇಕಾದದ್ದೂ ಅದೇ. ಒಂದು ವ್ಯತ್ಯಾಸ ಉಂಟು. ಅಂಗಡಿಯಲ್ಲಿ ಎಲ್ಲ ಗೋಣಿಗೂ ಒಂದೇ ತೂಕ ಅಂತ ಇಟ್ಟುಕೊಳ್ಳುತ್ತಾರೆ. ಇಲ್ಲಿ ನೂರು ಗೋಣಿಯಲ್ಲಿ ಕೆಲವು ಒಂದು ಅಂಕ ಭಾರ, ಕೆಲವು ಎರಡು ಅಂಕ ಭಾರ, ಯಾವುದು ಯಾವ ಅಡಿಕೆಗೆ ಹೋಯಿತು ಗೊತ್ತಿಲ್ಲ. ಹಾಗಾಗಿ ಒಂದು ಸಂಖ್ಯೆ ಕಳೆದರೆ ಆಗುವುದಿಲ್ಲ. ಅಣುವಿನ ಸೂತ್ರ ನೋಡಿ ಪ್ರತಿ ಪೀಕಿನ ಬಾಲ, ಅಂದರೆ ಸುಮ್ನೆ ಇರುವ ಭಾರದಿಂದ ಮೇಲಿನ ಪೀಕುಗಳಿಗೆ ಜಾರಿದ ಪಾಲು, ಎಷ್ಟು ಉದ್ದ ಅಂತ ಲೆಕ್ಕ ಹಾಕಿ, ಎಲ್ಲ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಅದಕ್ಕೇ ಸಾಫ್ಟ್‌ವೇರ್.

ಅವಳು ಬಳಸಿದ್ದು ಐಸೊಕಾರ್. ಫ್ರಾನ್ಸಿನ ಟುಲೂಸಿನಲ್ಲಿ ಹುಟ್ಟಿದ್ದು, 2012ರಲ್ಲಿ ಹೊರಗೆ ಬಂತು, 2019ರಲ್ಲಿ ಎರಡನೆಯ ಆವೃತ್ತಿ. ಪೈಥಾನ್‌ನಲ್ಲಿ ಬರೆದದ್ದು, ದುಡ್ಡು ಕೊಡಬೇಕಾಗಿಲ್ಲ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಈ ಕೊನೆಯದು ಸಣ್ಣ ವಿಷಯ ಅಲ್ಲ. ಅದರ ಡೇಟಾ ಫೈಲಿನಲ್ಲಿ ಸ್ಯಾಂಪಲ್, ಮೆಟಬೊಲೈಟ್ (ಜೀವಕೋಶದ ಅಣು, ಇಲ್ಲಿ ಅಲನೈನ್), ಡೆರಿವೇಟಿವ್ (ಅದಕ್ಕೆ ತೊಡಿಸಿದ ಅಂಗಿ), ಎಷ್ಟನೆಯ ಪೀಕ್, ಪೀಕಿನ ವಿಸ್ತೀರ್ಣ ಅಂತ ಕಾಲಂಗಳು. ಮೆಟಬೊಲೈಟಿನ ಸೂತ್ರ ಒಂದು ಫೈಲಿನಲ್ಲಿ, ಅಂಗಿಯ ಸೂತ್ರ ಇನ್ನೊಂದು ಫೈಲಿನಲ್ಲಿ ಇರುತ್ತದೆ.

ಡೆರಿವೇಟಿವ್ ಕಾಲಂ ಮೇಲಿಂದ ಕೆಳಗಿನವರೆಗೆ ಖಾಲಿ.

ಸಾಫ್ಟ್‌ವೇರ್ ತನಗೆ ಹೇಳಿದ್ದನ್ನು ಮಾಡಿದೆ. ಬರೀ ಅಲನೈನ್, 3 ಕಾರ್ಬನ್, 7 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್. ಅಷ್ಟರ ಬಾಲ ಕತ್ತರಿಸಿದೆ. ಗೋಣಿಯ ಬಾಲ ಹಾಗೇ ಉಳಿದು, ಗುರುತಿನ ಹೆಸರಿನಲ್ಲಿ ಲೆಕ್ಕಕ್ಕೆ ಸೇರಿದೆ.

ಯಾಕೆ ಖಾಲಿ? ಫೈಲ್ ಅವಳದ್ದಲ್ಲ, ಸೀನಿಯರ್ ಕೊಟ್ಟದ್ದು. ಅವರು ಲಿಕ್ವಿಡ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಕೆಲಸ ಮಾಡಿದವರು. ಅವರ ಕೆಲಸದಲ್ಲಿ ಅಣುವಿಗೆ ಅಂಗಿ ತೊಡಿಸಬೇಕಾಗಿರಲಿಲ್ಲ. ಅವರ ಮಟ್ಟಿಗೆ ಖಾಲಿ ಕಾಲಂ ಸರಿಯಾದ ಉತ್ತರವೇ. ಯಂತ್ರ ಬದಲಾಯಿತು, ಫೈಲ್ ಬದಲಾಗಲಿಲ್ಲ. ಅಜ್ಜನ ಕಾಲದ ತಕ್ಕಡಿ ಮನೆಯಲ್ಲಿ ಉಂಟು ಅಂತ ಅದರಲ್ಲೇ ತೂಗಿದ ಹಾಗೆ.

ಯಾಕೆ ಸಿಕ್ಕಿಬೀಳಲಿಲ್ಲ

ನನಗೆ ಆಶ್ಚರ್ಯವಾದದ್ದು ಇಲ್ಲಿ. ಈ ತಪ್ಪಿಗೆ ಎರಡು ಕಾವಲುಗಾರರು ಇದ್ದರು, ಇಬ್ಬರೂ ನಿದ್ದೆ ಮಾಡಿದರು.

ಮೊದಲನೆಯದು ರೆಸಿಡ್ಯುಅಮ್ ಎಂಬ ಕಾಲಂ. ಲೆಕ್ಕ ಬಿಡಿಸಿದ ಮೇಲೆ ಅಳತೆಗೂ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ ಉಳಿಯಿತು ಅಂತ ಅದು ಹೇಳುತ್ತದೆ. ಅವಳು ಅದನ್ನು ನೋಡಿದ್ದಳು, ಪಾಪ. ಎಲ್ಲ ಸೊನ್ನೆ. ಸೊನ್ನೆ ಅಂದರೆ ಸರಿ ಅಂತ ಅವಳು ಅಂದುಕೊಂಡಳು. ಆದರೆ ನಾಲ್ಕು ಪೀಕ್, ನಾಲ್ಕು ಅಜ್ಞಾತ. ಉತ್ತರದಲ್ಲಿ ಯಾವುದೂ ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ಲೆಕ್ಕ ಯಾವಾಗಲೂ ಪೂರ್ತಿ ಕೂಡಿಬರುತ್ತದೆ, ಸೂತ್ರ ತಪ್ಪಿದ್ದರೂ. ಬೇಕಾದದ್ದಕ್ಕಿಂತ ಜಾಸ್ತಿ ಕಳೆದಾಗ ಈ ಕಾವಲುಗಾರ ಕೂಗುತ್ತಾನೆ. ಕಮ್ಮಿ ಕಳೆದಾಗ ಅವನಿಗೆ ಎಚ್ಚರವೇ ಆಗುವುದಿಲ್ಲ.

ಎರಡನೆಯದು ಎಂ+1. ಎಲ್ಲರೂ ನೋಡುತ್ತಿದ್ದದ್ದು ಅದೊಂದನ್ನೇ. ಅದು 40 ಅಂತ ಇತ್ತು. ಕಾಲಂ ತುಂಬಿ ಸರಿ ಮಾಡಿದ ಮೇಲೂ 40 ಅಂತಲೇ ಬಂತು!

ಹೇಗೆ? ನಿಜವಾದ ಉತ್ತರ ಎಂ+0 60%, ಎಂ+1 40%. ಗೋಣಿಯ ಭಾರ ಸೇರಿದಾಗ, ಆ 40ರಲ್ಲಿ ಕಾಲು ಭಾಗ, ಅಂದರೆ 10, ಮೇಲಕ್ಕೆ ಎಂ+2, ಎಂ+3 ಕಡೆ ಜಾರುತ್ತದೆ. ಉಳಿದದ್ದು 30. ಅದೇ ಹೊತ್ತಿಗೆ ಕೆಳಗಿನ 60ರಿಂದ ಸುಮಾರು 10 ಎಂ+1ಕ್ಕೆ ಏರಿ ಬರುತ್ತದೆ. ಹೋದದ್ದು ಹತ್ತು, ಬಂದದ್ದು ಹತ್ತು. ಮತ್ತೆ 40. ಬಸ್ಸಿನಿಂದ ಹತ್ತು ಜನ ಇಳಿದು ಬೇರೆ ಹತ್ತು ಜನ ಹತ್ತಿದರೆ ಕಂಡಕ್ಟರಿಗೆ ತಲೆ ಎಣಿಕೆಯಲ್ಲಿ ಏನು ಗೊತ್ತಾಗುತ್ತದೆ?

ಇದು ಬರೀ ಯೋಗಾಯೋಗ. ಎಂ+1ರ ನಿಜವಾದ ಬೆಲೆ 20 ಇದ್ದಿದ್ದರೆ ಈ ಖಾಲಿ ಕಾಲಂ ಅದನ್ನು 27 ಮಾಡುತ್ತಿತ್ತು. ಆಗ ಯಾರಿಗಾದರೂ ಸಂಶಯ ಬರುತ್ತಿತ್ತೋ ಏನೋ. 40ರ ಆಸುಪಾಸಿನಲ್ಲಿ ತಪ್ಪು ತನ್ನನ್ನು ತಾನೇ ಮುಚ್ಚಿಕೊಂಡಿತು. ಮುಚ್ಚಿಕೊಳ್ಳದ ಭಾಗ ಎಂ+2 ಆಗಿ ಹೊರಗೆ ಇಣುಕಿತು. ಅದನ್ನು ಇವರು ಹೊಸ ಶೋಧ ಅಂದುಕೊಂಡರು.

ಸರಿ ಮಾಡಿದ್ದು

ಮೊದಲ ಸಲ ಅವಳೇ ಮಾಡಿದಳು, ತಪ್ಪಾಯಿತು. 260 ಅಯಾನಿನ ಪೂರ್ತಿ ಸೂತ್ರವನ್ನು ಮೆಟಬೊಲೈಟ್ ಜಾಗದಲ್ಲಿ ಹಾಕಿದಳು. ಆಗ ಸಾಫ್ಟ್‌ವೇರಿನ ಲೆಕ್ಕದಲ್ಲಿ ಅಲನೈನಿಗೆ 11 ಕಾರ್ಬನ್, ಹನ್ನೊಂದಕ್ಕೂ ಗುರುತು ಬೀಳಬಹುದು. 12 ಪೀಕ್ ಬೇಕು, ಇರುವುದು ನಾಲ್ಕು. ಮುಂದೆ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು. ಯೀಸ್ಟ್ ಕೊಟ್ಟ ಕಾರ್ಬನ್ ಬೇರೆ, ಬಾಟಲಿಯಿಂದ ಬಂದ ಕಾರ್ಬನ್ ಬೇರೆ. ಅದಕ್ಕೇ ಎರಡು ಫೈಲ್.

ಅಲನೈನನ್ನು ಅದರ ಜಾಗದಲ್ಲಿ ಬಿಟ್ಟೆವು. ಅಂಗಿಯ 8 ಕಾರ್ಬನ್, 19 ಹೈಡ್ರೋಜನ್, 2 ಸಿಲಿಕಾನನ್ನು ಡೆರಿವೇಟಿವ್ ಫೈಲಿನಲ್ಲಿ ಬರೆದು, ಕಾಲಂನಲ್ಲಿ ಅದರ ಹೆಸರು ತುಂಬಿದೆವು. ಮೊದಲು ಗುರುತು ಹಾಕದ ಸ್ಯಾಂಪಲ್ ಮಾತ್ರ ಓಡಿಸಿದೆವು. ಎಂ+0 99.6%. ಅವಳು ಕುರ್ಚಿಯಿಂದ ಎದ್ದು ಅತ್ತೆಯ ಹತ್ತಿರ ಒಳಗೆ ಹೋಗಿ ಚಾ ತಂದಳು. ಆಮೇಲೆ ಉಳಿದದ್ದು. ಎಂ+0 60, ಎಂ+1 40, ಎಂ+2 ಒಂದಕ್ಕಿಂತ ಕಮ್ಮಿ. ಸರಾಸರಿ ಸೇರ್ಪಡೆ 13.3%. 16.7ರ ಒಳಗೆ ಬಂತು.

ಇನ್ನೊಂದು ಪರೀಕ್ಷೆಯೂ ಮಾಡಿದೆವು. ಅದೇ ಅಲನೈನ್ ಯಂತ್ರದಲ್ಲಿ 232 ತೂಕದ ಇನ್ನೊಂದು ಅಯಾನನ್ನೂ ಕೊಡುತ್ತದೆ. ಅದರಲ್ಲಿ ಅಲನೈನಿನ ಒಂದನೆಯ ಕಾರ್ಬನ್ ಉದುರಿಹೋಗಿರುತ್ತದೆ, ಉಳಿದದ್ದು ಎರಡು ಮಾತ್ರ. ಗ್ಲೂಕೋಸಿನ ಒಂದನೆಯ ಕಾರ್ಬನ್ ಗ್ಲೈಕೊಲಿಸಿಸ್, ಅಂದರೆ ಸಮ ಎರಡು ತುಂಡು ಮಾಡುವ ದಾರಿಯಲ್ಲಿ ಬಂದರೆ ಅಲನೈನಿನ ಮೂರನೆಯ ಜಾಗಕ್ಕೆ ಬೀಳುತ್ತದೆ. ಅಂದರೆ 232ರಲ್ಲೂ ಎಂ+1 ಅಷ್ಟೇ ಇರಬೇಕು. ಸೂತ್ರದಲ್ಲಿ ಎರಡು ಕಾರ್ಬನ್ ಅಂತ ಬದಲಾಯಿಸಿ ಓಡಿಸಿದಾಗ 40ರ ಹತ್ತಿರವೇ ಬಂತು. ಎರಡು ತಕ್ಕಡಿಯೂ ಒಂದೇ ತೂಕ ಹೇಳಿದ ಮೇಲೆ ನನಗೆ ಧೈರ್ಯ ಬಂತು.

ರಾತ್ರಿ ಊಟದ ಹೊತ್ತಿಗೆ ಸೀನಿಯರ್ ಫೋನಿನಲ್ಲಿ ಒಂದು ಉಪಾಯ ಹೇಳಿದರಂತೆ. ಇಷ್ಟೆಲ್ಲ ಯಾಕೆ, ಗುರುತು ಹಾಕದ ಸ್ಯಾಂಪಲಿನ ಅಂಕಿಗಳನ್ನು ಹಾಗೇ ಕಳೆದುಬಿಡು ಅಂತ. ಬಹಳ ಜನ ಮಾಡುತ್ತಾರೆ, ಹೇಳುತ್ತಾರೆ ಕೂಡ. ಇವಳ ಅಂಕಿಗಳ ಮೇಲೇ ಮಾಡಿ ತೋರಿಸಿದೆ. ಸರಿ ಮಾಡದ ಎಂ+1 41, ಅದರಿಂದ 17 ಕಳೆದರೆ 24. ನಿಜ ಇರುವುದು 40. ಎಂ+0 45, ಅದರಿಂದ 75 ಕಳೆದರೆ ಸೊನ್ನೆಗಿಂತ 30 ಕೆಳಗೆ. ನೂರು ಅಣುಗಳ ಬಾಲ ಅದು 17. ಇಲ್ಲಿ ಗುರುತಿಲ್ಲದ ಅಣುಗಳು ಅರುವತ್ತೇ. ಅರುವತ್ತರ ಬಾಲ ಹತ್ತು. ನೂರರದ್ದನ್ನು ಅರುವತ್ತರಿಂದ ಕಳೆಯಬಾರದಲ್ವಾ? ಗುರುತು ಬಿದ್ದ ನಲವತ್ತಕ್ಕೂ ತನ್ನದೇ ಬಾಲ ಉಂಟು, ಅದು ಎಂ+2ಕ್ಕೆ ಹೋಗಿ ಕೂತಿದೆ. ಗುರುತು ಹಾಕದ ಸ್ಯಾಂಪಲ್ ಇರುವುದು ಸಾಫ್ಟ್‌ವೇರನ್ನು ಪರೀಕ್ಷೆ ಮಾಡಲು. ಕಳೆಯಲು ಅಲ್ಲ.

ಉಳಿದ ಅಮೈನೋ ಆಮ್ಲಗಳಿಗೆ ಮರುದಿನ ಬೆಳಿಗ್ಗೆ ಪೂರ್ತಿ ಹೋಯಿತು. ಸೀರೀನಿಗೆ ಮೂರು ಅಂಗಿ, ಮೂರು ಸಿಲಿಕಾನ್, 390 ತೂಕ. ಅದರ ತಪ್ಪು ಅಲನೈನಿಗಿಂತ ಜೋರಾಗಿತ್ತು. ಒಂದೊಂದಕ್ಕೂ ಅಂಗಿಯ ಸೂತ್ರ ಬೇರೆ ಬೇರೆ ಬರೆಯಬೇಕು. ಬೇಜಾರಿನ ಕೆಲಸ. ಎರಡು ಸಲ ಕರೆಂಟ್ ಹೋಯಿತು.

ಎಂ+2 ಹೋದದ್ದಕ್ಕೆ ಅವಳಿಗೆ ಬೇಸರವಾಗಿತ್ತು. ಆಗದೆ ಇರುತ್ತದಾ? ಮೂರು ತಿಂಗಳು ಅದರ ಸುತ್ತ ಚಿತ್ರ ಬಿಡಿಸಿದ್ದಾಳೆ. ಉಳಿದದ್ದು 50ರ ಬದಲು 40 ಅನ್ನುವ ಸಾದಾ ಸಂಗತಿ. ಅದರಲ್ಲೂ ಎಲ್ಲ ಇಳಿಕೆ ಪೆಂಟೋಸ್ ದಾರಿಯದ್ದು ಅಂತ ಹೇಳುವ ಹಾಗಿಲ್ಲ. ಕೊಂಡ ಗ್ಲೂಕೋಸಿನ ಆ ಒಂದನೆಯ ಜಾಗದಲ್ಲಿ 99% ಮಾತ್ರ ಭಾರದ್ದು, ನೂರಕ್ಕೆ ನೂರು ಅಲ್ಲ. ಮೊದಲು ಬಿತ್ತಿದ ಯೀಸ್ಟಿನಲ್ಲಿ ಹಳೆ ಅಲನೈನ್ ಉಳಿದಿರಬಹುದು. ಶುದ್ಧತೆಯ ಅಂಕಿಯನ್ನು ಸಾಫ್ಟ್‌ವೇರಿಗೆ ಹೇಳಬಹುದು. ಹಳೆ ಯೀಸ್ಟಿನ ಲೆಕ್ಕವನ್ನು ಅವಳೇ ಲ್ಯಾಬಿಗೆ ಹೋಗಿ ಮಾಡಬೇಕು.

ಹೊರಡುವ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಬಸ್ ಸ್ಟಾಪಿನವರೆಗೆ ಕೊಡೆ ಹಿಡಿದು ಜೊತೆಗೆ ಹೋದೆ. ಸುಮ್ನೆ ಕೇಳಿದೆ, "ಸೀನಿಯರ್ ಹಳೆ ಕೆಲಸ ಮಾಡಿದ್ದು ಯಾವ ಯಂತ್ರದಲ್ಲಿ?"

"ಆರ್ಬಿಟ್ರ್ಯಾಪ್ ಮಾವ. ಭಾರಿ ಸೂಕ್ಷ್ಮ. ಕಾರ್ಬನ್-13ರ ಪೀಕ್ ಬೇರೆ, ನೈಟ್ರೋಜನ್-15ರ ಪೀಕ್ ಬೇರೆ ಕಾಣ್ತದೆ."

"ಹೌದು, ಅವೆರಡರ ನಡುವೆ ಇರುವುದು 0.006 ಮಾತ್ರ. ಆದರೂ ಅದು ಬೇರೆ ಮಾಡುತ್ತದೆ. ಆ ಫೈಲಿನಲ್ಲಿ ರೆಸೊಲ್ಯೂಷನ್ ಏನಂತ ಕೊಟ್ಟಿದ್ದರು?"

ಅವಳು ನಿಂತಳು. ಲ್ಯಾಪ್‌ಟಾಪ್ ತೆಗೆಯಲು ಬ್ಯಾಗಿನ ಜಿಪ್ ಎಳೆದಳು, ಮಳೆ ನೋಡಿ ಮತ್ತೆ ಮುಚ್ಚಿದಳು.

"ಲೋ ಅಂತ ಇತ್ತು, ನೆನಪುಂಟು."

ರೆಸೊಲ್ಯೂಷನ್ ಅಂದರೆ ಹತ್ತಿರದ ಎರಡು ಪೀಕನ್ನು ಯಂತ್ರ ಎಷ್ಟು ಬೇರೆ ಮಾಡಿ ನೋಡುತ್ತದೆ ಅನ್ನುವುದು. ಲೋ ಅಂತ ಕೊಟ್ಟರೆ ಸಾಫ್ಟ್‌ವೇರ್ ನೈಟ್ರೋಜನ್, ಆಕ್ಸಿಜನ್‌ಗಳ ಬಾಲವನ್ನೂ ಕಳೆಯುತ್ತದೆ. ಯಂತ್ರ ಆ ಬಾಲವನ್ನು ಮೊದಲೇ ಬೇರೆ ಮಾಡಿ ಬಿಟ್ಟಿದೆ. ಇಲ್ಲದ್ದನ್ನು ಕಳೆದ ಹಾಗಾಯಿತು. ಪ್ರಿನ್ಸ್‌ಟನ್ನಿನ ರಾಬಿನೋವಿಟ್ಜ್ ತಂಡ 2017ರಲ್ಲಿ ಅಕ್ಯುಕಾರ್ ಎಂಬ ಇಂಥದ್ದೇ ಸಾಫ್ಟ್‌ವೇರ್ ಬರೆದದ್ದೂ, ಐಸೊಕಾರ್ ಎರಡನೆಯ ಆವೃತ್ತಿ ಬಂದದ್ದೂ ಈ ಕಾರಣಕ್ಕೇ. ಅದೆಲ್ಲ ವಿವರಿಸುವಷ್ಟರಲ್ಲಿ ಬಸ್ ಬಂತು. ಅವಳು ಹತ್ತಿ ಕಿಟಕಿಯ ಟಾರ್ಪಾಲು ಸರಿಸಿ ತಲೆ ಹೊರಗೆ ಹಾಕಿದಳು.

"ಸೀನಿಯರ್ ಅವರ ಆ ಹಳೆ ಪೇಪರ್ ಪ್ರಿಂಟ್ ಆಗಿದೆ ಮಾವ!"